ಹಿತ್ತಲಿಗೆ ಪಹಣಿ ಇಲ್ಲ

ನಾನಿ ತೀರಿಕೊಂಡ ಮೇಲೆ ಟಿ. ನರಸೀಪುರದ ಮನೆ ಪಾಲಾಯಿತು. ಕಾಗದಪತ್ರ ಓದಿ ಹೇಳಲು ಒಬ್ಬರು ಬೇಕೆಂದು ಮಾವಂದಿರು ನಂಜನಗೂಡಿನಿಂದ ನನ್ನನ್ನೂ ಕರೆಸಿಕೊಂಡಿದ್ದರು. ಊರಾಚೆಯ ಇಪ್ಪತ್ತು ಗುಂಟೆ ಗದ್ದೆಗೆ ಪಹಣಿ ಇತ್ತು. ಅದರ ಬೆಳೆಯ ಕಾಲಮ್ಮಿನಲ್ಲಿ 'ಭತ್ತ' ಎಂದು ಬರೆದಿತ್ತು. ಮನೆಗೆ ಖಾತೆ ಇತ್ತು. ಅದರಲ್ಲಿ ಉದ್ದ, ಅಗಲ, ಚೆಕ್ಕುಬಂದಿ. "ಹಿತ್ತಲಿನದು?" ಎಂದು ಕೇಳಿದೆ. ಗುಮಾಸ್ತರು ಕನ್ನಡಕ ಮೇಲೇರಿಸಿ ನಕ್ಕರು. "ಹಿತ್ತಲಿಗೆಲ್ಲಿಯ ಪಹಣಿ ತಾಯಿ? ಅದು ಮನೆಯೊಳಗೇ ಬಂತಲ್ಲ."

ಅವರು ಹೇಳಿದ್ದು ಸರಿ. ಮನೆಯ ನಿವೇಶನಕ್ಕೆ ಪಹಣಿ ಇರುವುದಿಲ್ಲ. ಪಹಣಿ ಇಲ್ಲದ ಮೇಲೆ ಬೆಳೆಯ ಕಾಲಮ್ಮೂ ಇಲ್ಲ. ಆದರೆ ಒಂಬತ್ತು ಜನರ ಆ ಮನೆಗೆ ವರ್ಷದ ಎಂಟು ತಿಂಗಳು ಸಾರಿಗೆ ಬೇಕಾದ ಸೊಪ್ಪು, ಕಾಯಿ, ಮೆಣಸು ಬಂದದ್ದು ಆ ಹಿತ್ತಲಿನಿಂದ. ನಾನಿ ನಲವತ್ತು ವರ್ಷ ಅಲ್ಲಿ ಬೆಳೆ ತೆಗೆದಳು. ಸರ್ಕಾರದ ಯಾವ ಪುಸ್ತಕದಲ್ಲೂ ಆಕೆ ಬೆಳೆಗಾರಳಲ್ಲ. ಆ ದಿನದಿಂದ ನನಗೊಂದು ಹುಚ್ಚು ಹಿಡಿಯಿತು. ನಮ್ಮ ಸೀಮೆಯ ಚರಿತ್ರೆಯಲ್ಲಿ ಹಿತ್ತಲು ಎಲ್ಲಾದರೂ ಬರುತ್ತದೆಯೇ ಎಂದು ಹುಡುಕತೊಡಗಿದೆ.

ನಾನು ಮೊದಲು ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಹೈಸ್ಕೂಲಿನಲ್ಲಿದ್ದಾಗ ಅಬ್ಬಾ ಒಮ್ಮೆ ಕಂದಾಯದ ಕಾಗದ ಓದಲು ಕೊಟ್ಟಿದ್ದರು. 'ಖುಷ್ಕಿ', 'ತರಿ', 'ಬಾಗಾಯ್ತು' ಎಂಬ ಪದಗಳನ್ನು ಕಂಡು ಆಶ್ಚರ್ಯವಾಯಿತು. ಖುಷ್ಕ್ ಎಂದರೆ ಒಣಗಿದ್ದು, ತರ್ ಎಂದರೆ ಒದ್ದೆ, ಬಾಗ್ ಎಂದರೆ ತೋಟ. ನಮ್ಮ ಮೌಲ್ವಿ ಸಾಹೇಬರು ಕಲಿಸಿದ ಮಾತುಗಳನ್ನೇ ಹಳ್ಳಿಯ ರೈತ ಪಾರಸಿ ಎಂಬ ಅರಿವೇ ಇಲ್ಲದೆ ಆಡುತ್ತಾನೆ. ಆದರೆ ಈ ಮೂರು ಮಾತುಗಳಲ್ಲೂ ಹಿತ್ತಲಿಗೆ ಜಾಗವಿಲ್ಲ. ಬಾಗಾಯ್ತೆಂದರೆ ತೆಂಗು, ಅಡಿಕೆ, ಬಾಳೆ, ವೀಳ್ಯದೆಲೆ. ಪೇಟೆಗೆ ಹೋಗಿ ದುಡ್ಡಾಗುವುದು ಮಾತ್ರ ತೋಟ, ಅದಕ್ಕೆ ಮಾತ್ರ ಕಂದಾಯ. ಮಡಕೆಗೆ ಹೋಗುವುದಕ್ಕೆ ಲೆಕ್ಕವಿಲ್ಲ.

ಹಳೆಯ ಕಾಲದವರು ಇದಕ್ಕಿಂತ ವಾಸಿ ಎನಿಸುತ್ತದೆ. ಬಿ.ಎಲ್. ರೈಸ್ 1894ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕುಗಳ ಶಾಸನಗಳಿವೆ. ವಿಜಯನಗರ ಮತ್ತು ಮೈಸೂರು ಅರಸರ ಕಾಲದ ದತ್ತಿ ಶಾಸನಗಳನ್ನು ಓದಿದವರಿಗೆ ಒಂದು ಪದಗುಚ್ಛ ಬಾಯಿಪಾಠವಾಗಿರುತ್ತದೆ: ಗದ್ದೆ, ಬೆದ್ದಲು, ತೋಟ, ತುಡಿಕೆ. ಮೊದಲ ಮೂರು ಇವತ್ತಿಗೂ ನಮ್ಮ ಮಾತಿನಲ್ಲಿವೆ. ನಾಲ್ಕನೆಯದು ಸತ್ತಿದೆ. ತುಡಿಕೆ ಎಂದರೆ ಸಣ್ಣ ತೋಟ. ಊರನ್ನು ದಾನ ಕೊಡುವಾಗ ಅರಸ ತೋಟದ ಪಕ್ಕದಲ್ಲೇ ತುಡಿಕೆಯನ್ನೂ ನೆನೆದು ಹೆಸರಿಸಿ ಕೊಟ್ಟಿದ್ದಾನೆ. ಅಲ್ಲಿ ಏನು ಬೆಳೆದರು, ಯಾರು ನೀರು ಹೊತ್ತರು ಎಂಬುದು ಶಾಸನದಲ್ಲಿ ಬರುವುದಿಲ್ಲ. ಪದ ಮಾತ್ರ ಉಳಿದಿದೆ.

ಬೆಳೆಯ ವಿಷಯ ತಿಳಿಯಲು ಬೇರೆ ಕಡೆ ನೋಡಬೇಕು. 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ' ಕನ್ನಡದಲ್ಲೇ ಇರುವ ಪುಸ್ತಕ. ಅಡುಗೆ, ನೀರಿನ ಸೆಲೆ ಹುಡುಕುವುದು, ಗಿಡಗಳ ಆರೈಕೆ ಎಲ್ಲವೂ ಅದರಲ್ಲಿವೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಹುಣಸೂರು ಕಡೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ 'ಸೂಪಶಾಸ್ತ್ರ' ಬರೆದ. ಬದನೆಕಾಯಿಯ ಅಡುಗೆಗಳು ಅದರಲ್ಲಿ ಸಾಲುಸಾಲಾಗಿವೆ. ಆದರೆ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಅವನ ಅಡುಗೆಮನೆಯಲ್ಲಿಲ್ಲ. ಇವೆಲ್ಲ ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮೇಲೆ ಕರಾವಳಿಯಿಂದ ಒಳನಾಡಿಗೆ ಏರಿದವು. ಸಿಹಿಗುಂಬಳವೂ ಆ ಕಡೆಯದೇ. ಬೆಂಡೆ, ಸೋರೆ ಆಫ್ರಿಕಾದಿಂದ ಬಂದವು. 'ಪುದಿನ' ಎಂಬ ಹೆಸರು ಪಾರಸಿ. ನಾನಿಯ ಹಿತ್ತಲಿನಲ್ಲಿ ಬದನೆಯನ್ನೂ ನುಗ್ಗೆಯನ್ನೂ ಬಿಟ್ಟರೆ ಈ ನೆಲದ ಮೂಲನಿವಾಸಿಗಳು ಹೆಚ್ಚಿರಲಿಲ್ಲ. ಯಾವ ಗಿಡವನ್ನೂ ಅದರ ಮೂಲ ಯಾವುದೆಂದು ಯಾರೂ ಕೇಳಲಿಲ್ಲ. ಎಲ್ಲಕ್ಕೂ ಒಂದೇ ಬಚ್ಚಲ ನೀರು.

ಇನ್ನು ಟಿಪ್ಪು. ನಂಜನಗೂಡಿನವಳು ತೋಟದ ಬಗ್ಗೆ ಬರೆದರೆ ಟಿಪ್ಪು ಬಂದೇ ಬರುತ್ತಾನೆ. ಆನೆಯ ಕಣ್ಣು ವಾಸಿಯಾದದ್ದು, 'ಹಕೀಂ ನಂಜುಂಡ' ಎಂದು ಕರೆದದ್ದು, ಪಚ್ಚೆಲಿಂಗ ಕೊಟ್ಟದ್ದು, ಈ ಕತೆಯನ್ನು ನಮ್ಮೂರಿನ ಎಲ್ಲ ಸೌಹಾರ್ದ ಸಭೆಗಳಲ್ಲೂ ಕೇಳಿ ಕೇಳಿ ನನ್ನ ಕಿವಿ ಸವೆದಿದೆ. ನನಗೆ ಬೇಕಾದದ್ದು ಅವನ ಬೀಜಗಳ ಸಂಗತಿ. 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಕುಶಲಕರ್ಮಿಗಳನ್ನು ಕೇಳಿದಂತೆ ಗಿಡ, ಬೀಜಗಳನ್ನೂ ಕೇಳಿದ್ದರು. ಅವನು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. ನಮ್ಮ ನಂಜನಗೂಡನ್ನೂ ಹಾದು ಹೋದ. ಅವನ ವರದಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಬುಕಾನನ್ ಎರಡು ಸಂಗತಿ ಬರೆದಿದ್ದಾನೆ. ಒಂದು, ಈ ಸೀಮೆಯಲ್ಲಿ ತೋಟಗಳು ನಾಲ್ಕು ಬಗೆ: ತರಕಾರಿ, ತೆಂಗು, ಎಲೆ, ಹೂವು. ತರಕಾರಿ ತೋಟಕ್ಕೆ ಅವನು ಒಂದು ಪ್ರತ್ಯೇಕ ಜಾಗ ಕೊಟ್ಟದ್ದು ಸಮಾಧಾನದ ಸಂಗತಿ. ಇನ್ನೊಂದು, ಹೈದರ್ ಮತ್ತು ಟಿಪ್ಪು ಮಾಡಿಸಿದ ಬೆಂಗಳೂರಿನ ತೋಟಗಳಲ್ಲಿ ನಡೆದಾಡುವ ದಾರಿಗಳ ನಡುವೆ ಚೌಕ ಚೌಕ ಪಾತಿಗಳಿದ್ದವು. ಒಂದು ಪಾತಿಗೆ ಒಂದೇ ಗಿಡ. ಗುಲಾಬಿಯದೇ ಒಂದು, ದಾಳಿಂಬೆಯದೇ ಇನ್ನೊಂದು. ಇದು ಮುಸಲ್ಮಾನರ ಪದ್ಧತಿ ಎಂದು ಅವನ ಅಭಿಪ್ರಾಯ. ಚಾರ್‌ಬಾಗಿನ ವಿನ್ಯಾಸ ಅದು, ಪರ್ಷಿಯಾದಿಂದ ಬಂದದ್ದು. ಅರಸರ ಮಟ್ಟಿಗೆ ನಿಜವಿರಬಹುದು. ಆದರೆ ಬುಕಾನನ್ ಸಾಹೇಬ ಒಬ್ಬ ಮುಸಲ್ಮಾನ ಹೆಂಗಸಿನ ಹಿತ್ತಲನ್ನು ನೋಡಿರಲು ಸಾಧ್ಯವಿಲ್ಲ. ಪರಪುರುಷ, ಅದರಲ್ಲೂ ಫಿರಂಗಿ! ನೋಡಿದ್ದರೆ ಬೇರೆ ಬರೆಯುತ್ತಿದ್ದ.

ನಾನಿಯ ಪಾತಿಯಲ್ಲಿ ಯಾವುದೂ ಒಂಟಿಯಾಗಿ ಇರುತ್ತಿರಲಿಲ್ಲ. ದಂಟಿನ ಸಾಲಿನ ನಡುವೆ ಈರುಳ್ಳಿ, ಬದನೆಯ ಬುಡದಲ್ಲಿ ಮೆಂತ್ಯ, ಬದನೆ ಮೇಲೇಳುವಷ್ಟರಲ್ಲಿ ಮೆಂತ್ಯ ಕಿತ್ತಾಗಿರುತ್ತಿತ್ತು. ಅಂಚಿಗೆ ಮೂಲಂಗಿ. ಬೇಲಿಗೆ ಮದರಂಗಿ, ಅದರ ಮೇಲೆ ಹಾಗಲ ಹಬ್ಬಿಸಿದ್ದಳು. ಚಪ್ಪರದ ಮೇಲೆ ಅವರೆ, ಕೆಳಗಿನ ನೆರಳಿನಲ್ಲಿ ಪುದಿನ. ನೆಡದೆ ಬರುವ ಗಣಿಕೆ, ಕೀರೆ, ಹೊನಗೊನೆಯನ್ನೂ ಕಳೆ ಎಂದು ಎಸೆಯುತ್ತಿರಲಿಲ್ಲ. ಬೆರಕೆ ಸೊಪ್ಪಿನ ಸಾರಿಗೆ ಅದೇ ಆಗುತ್ತಿತ್ತು. ದಖನಿಯಲ್ಲಿ ಆಕೆ ಪಾತಿಗೆ 'ಕ್ಯಾರಿ' ಎನ್ನುತ್ತಿದ್ದಳು. ಕ್ಯಾರಿಯ ಅಗಲ ಎರಡು ಮೊಳ, ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ. ಎರಡೂ ಕಡೆ ಕುಕ್ಕರುಗಾಲಿನಲ್ಲಿ ಕೂತರೆ ಕೈ ನಡುವಿನವರೆಗೆ ಮುಟ್ಟಬೇಕು, ಪಾತಿಯೊಳಗೆ ಕಾಲಿಡಕೂಡದು. ತುಳಿದ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ. ಮಳೆಗಾಲಕ್ಕೆ ಪಾತಿಯನ್ನು ಅರ್ಧ ಗೇಣು ಎತ್ತರಿಸುವುದು, ನೀರು ನಿಂತು ಬೇರು ಕೊಳೆಯದಿರಲಿ ಎಂದು. ಬೇಸಿಗೆಗೆ ಅದೇ ಪಾತಿಯನ್ನು ತಗ್ಗು ಮಾಡಿ ಸುತ್ತ ಬದು ಕಟ್ಟುವುದು, ಹೊಯ್ದ ನೀರು ಹರಿದು ಹೋಗದಿರಲಿ ಎಂದು. ಈಗಿನ ತೋಟಗಾರಿಕೆಯ ಪುಸ್ತಕಗಳಲ್ಲಿ ಬರೆದಿರುವುದೂ ಇದನ್ನೇ.

ನೀರಿಗೂ ಒಂದು ಶಿಸ್ತಿತ್ತು. ಸ್ನಾನದ ಸೋಪಿನ ನೀರು ಬಾಳೆಗೆ, ಕೆಸುವಿಗೆ. ವುಜೂ ಮಾಡಿದ ನೀರು ಬಚ್ಚಲಿಗೆ ಹೋಗದೆ ಬೇರೆ ಕಾಲುವೆಯಲ್ಲಿ ಪುದಿನದ ಪಾತಿಗೆ. ಐದು ಹೊತ್ತು, ಮನೆಯ ನಾಲ್ಕೈದು ಜನ. ಬೇಸಿಗೆಯಲ್ಲೂ ಆ ಪಾತಿ ಒಣಗಿದ್ದನ್ನು ನಾನು ನೋಡಿಲ್ಲ. ಎಲೆಯ ಮೇಲೆ ಹೇನು ಕಂಡರೆ ಬೆಳಗಿನ ಇಬ್ಬನಿ ಆರುವ ಮುಂಚೆ ಒಲೆಯ ಬೂದಿ ಎರಚುತ್ತಿದ್ದಳು. ಬಕ್ರೀದಿನ ಮಾರನೆಯ ದಿನ ನಿಂಬೆಯ ಬುಡ ಅಗೆದು ಮೂಳೆ ಹೂಳುವುದು ನಮ್ಮ ಕೆಲಸ. ಬನ್ನೂರು ಕುರಿಯ ಮೂಳೆ ಹೂತರೆ ನಿಂಬೆ ರಸ ಹೆಚ್ಚು ಎಂದು ನಾನಿಯ ನಂಬಿಕೆ. ಅದಕ್ಕೆ ಆಧಾರ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕರಿಬೇವಿಗೆ ಆಕೆ ಮಾಂಸ ತೊಳೆದ ನೀರು ಹಾಕುತ್ತಿದ್ದಳು. ಪಕ್ಕದ ಮನೆಯ ಲಿಂಗಾಯತರ ಅಜ್ಜಿ ತನ್ನ ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುತ್ತಿದ್ದರು. "ನಿಮ್ಮ ನೀರಿಗೆ ಗಿಡ ಸತ್ತೋಗುತ್ತೆ ಕಣವ್ವ" ಎಂದು ಅವರು, "ಮಜ್ಜಿಗೆಗೆ ಬೇರು ಕೊಳೀತದೆ ಅಮ್ಮಾ" ಎಂದು ಇವಳು. ಎರಡು ಗಿಡಗಳೂ ಸೂರಿನೆತ್ತರ ಬೆಳೆದಿದ್ದವು.

ಈ ಜಗಳ ನಡೆಯುತ್ತಿದ್ದದ್ದು ಹಿತ್ತಲಿನ ಮೋಟುಗೋಡೆಯ ಮೇಲೆ. ಚರಿತ್ರೆಗೆ ಸಿಗದ ಜಾಗ ಅದೇ ಎಂದು ನನಗನಿಸುತ್ತದೆ. ನಮ್ಮ ಮನೆಗಳಲ್ಲಿ ಹೆಂಗಸರು ಮುಂಬಾಗಿಲು ದಾಟಲು ಬುರ್ಖಾ ಬೇಕು, ಕಾರಣ ಬೇಕು, ಜೊತೆಗೊಬ್ಬರು ಬೇಕು. ಹಿತ್ತಲಿಗೆ ಏನೂ ಬೇಡ. ಗಂಡಸರು ಪೇಟೆಯಲ್ಲಿ, ಮಸೀದಿಯಲ್ಲಿ ಪರಿಚಯ ಮಾಡಿಕೊಂಡರು. ಹೆಂಗಸರು ಮೋಟುಗೋಡೆಯ ಮೇಲೆ ಬೀಜ ಕೊಟ್ಟು ತೆಗೆದುಕೊಂಡರು. ಕುಂಬಳ, ಸೋರೆ, ಸೌತೆಯ ಬೀಜಗಳನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿ ಒಣಗಿಸಿಡುವುದು ನಮ್ಮ ಕಡೆಯ ಹಳೆಯ ರೂಢಿ, ಹುಳು ಹಿಡಿಯುವುದಿಲ್ಲ. ನಾನಿಯ ಮನೆಯಲ್ಲಿ ಹಸು ಇರಲಿಲ್ಲ. ಆಕೆಯ ಬೀಜವೂ ಆ ಅಜ್ಜಿಯ ಕೊಟ್ಟಿಗೆಯ ಗೋಡೆಯ ಮೇಲೆಯೇ ಬೇಸಿಗೆ ಕಳೆಯುತ್ತಿತ್ತು. ಮುಂಗಾರು ಬಿದ್ದಾಗ ಯಾವುದು ಯಾರದೆಂದು ಗುರುತು ಸಿಗದೆ ಹಂಚಿಕೊಳ್ಳುತ್ತಿದ್ದರು. ಆಯುಧಪೂಜೆಗೆ ಅವರ ಎತ್ತಿನಗಾಡಿಯ ಮುಂದೆ ಒಡೆದ ಬೂದುಗುಂಬಳ ಹಲವು ವರ್ಷ ನಮ್ಮ ಚಪ್ಪರದ್ದು. ರಂಜಾನಿನಲ್ಲಿ ನಮ್ಮ ಗಂಜಿಗೆ ಬಿದ್ದ ಕೊತ್ತಂಬರಿ ಅವರ ಪಾತಿಯದು. ಇದನ್ನು ಯಾರೂ ಸೌಹಾರ್ದ ಎಂದು ಕರೆದದ್ದಿಲ್ಲ.

ಟಿ. ನರಸೀಪುರದ ಹಿತ್ತಲಿಗೆ ನದಿಯ ಮೆಕ್ಕಲೂ ಸಿಗುತ್ತಿತ್ತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ನದಿಯ ನಡತೆ ಬದಲಾಯಿತು, ಗೇಟು ತೆರೆದಾಗ ಮಾತ್ರ ಉಕ್ಕುತ್ತದೆ. 2018 ಮತ್ತು 2019ರಲ್ಲಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು, ಮೈಸೂರಿನ ರಸ್ತೆ ಕಡಿಯಿತು. ನೀರಿಳಿದ ಮೇಲೆ ನದಿಯಂಚಿನ ಹಿತ್ತಲುಗಳಲ್ಲಿ ಅಂಗೈ ದಪ್ಪ ಕೆಸರು. ಅದರೊಂದಿಗೆ ಪ್ಲಾಸ್ಟಿಕ್, ಚರಂಡಿ. ಮೊದಲಿನ ಮೆಕ್ಕಲಿನ ಹಾಗೆ ಖುಷಿಯಿಂದ ಪಾತಿಗೆ ಎಳೆದುಕೊಳ್ಳುವಂತಿರಲಿಲ್ಲ.

ಹಿತ್ತಲಿನ ಬೆಳೆಯನ್ನು ಸರ್ಕಾರ ಗಮನಿಸಿದ್ದು ಹಸಿವು ಬಂದಾಗ ಮಾತ್ರ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿನ ಅಕ್ಕಿ ನಿಂತಿತು. ಆ ಯುದ್ಧಕಾಲದಲ್ಲೇ 'ಹೆಚ್ಚು ಆಹಾರ ಬೆಳೆಯಿರಿ' ಆಂದೋಲನ ಶುರುವಾಯಿತು. ಆಗ ಇಂಗ್ಲೆಂಡು, ಅಮೆರಿಕಗಳಲ್ಲೂ ಅಂಗಳದ ಹುಲ್ಲು ಕಿತ್ತು ಕೋಸು, ಆಲೂಗಡ್ಡೆ ನೆಟ್ಟರು. ಯುದ್ಧ ಮುಗಿಯಿತು, ಹುಲ್ಲು ಮರಳಿತು. ನಮ್ಮ ರಾಜ್ಯದಲ್ಲಿ ತೋಟಗಾರಿಕೆಗೆಂದೇ ಪ್ರತ್ಯೇಕ ಇಲಾಖೆಯನ್ನು ಕಟ್ಟಿ ನಿಲ್ಲಿಸಿದವರು ಡಾ. ಎಂ.ಎಚ್. ಮರಿಗೌಡರು. ಅವರು ಟಿ. ನರಸೀಪುರ ತಾಲ್ಲೂಕಿನವರೇ. ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು ಬಂದು ಲಾಲ್‌ಬಾಗ್ ನೋಡಿಕೊಂಡು, 1963ರಿಂದ ಇಲಾಖೆಯ ನಿರ್ದೇಶಕರಾಗಿ ಜಿಲ್ಲೆ ಜಿಲ್ಲೆಗೆ ನರ್ಸರಿ ಮಾಡಿಸಿದರು. ಅವರು ಹುಟ್ಟಿದ ಆಗಸ್ಟ್ 8 ಈಗ ತೋಟಗಾರಿಕಾ ದಿನ. ಅವರ ನರ್ಸರಿಯ ಸಪೋಟ, ಮಾವು ಎಷ್ಟೋ ಬಡ ರೈತರ ಬದುಕು ಬದಲಿಸಿವೆ, ಆ ಋಣ ದೊಡ್ಡದು. ಆದರೆ ಅದು ತೋಟದ ಚರಿತ್ರೆ. ತುಡಿಕೆಯದಲ್ಲ.

ಈಗ ಕುಂಡದ ವಿಷಯ. ಹಿತ್ತಲು ಇಲ್ಲದವರೂ ಯಾವಾಗಲೂ ಇದ್ದರು. ನಂಜನಗೂಡಿನ ನಮ್ಮ ಮೊಹಲ್ಲಾದಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಮುಂದೆ ಚರಂಡಿ, ಹಿಂದೆ ಬೇರೆಯವರ ಗೋಡೆ. ಅಮ್ಮಿ ಮದುವೆಯಾಗಿ ಬಂದಾಗ ಎರಡು ಡಾಲ್ಡಾ ಡಬ್ಬದಲ್ಲಿ ತವರಿನ ಪುದಿನ ತಂದಳು. ಡಾಲ್ಡಾ ಮಾರುಕಟ್ಟೆಗೆ ಬಂದದ್ದು 1937ರಲ್ಲಿ. ತೆಂಗಿನ ಚಿತ್ರದಂಥ ಮರವಿರುವ ಆ ಹಳದಿ ಡಬ್ಬ ಭಾರತದ ಬಡವರ ಮೊದಲ ಹೂಕುಂಡ ಎಂದರೆ ತಪ್ಪಾಗಲಾರದು. ಉರ್ದುವಿನಲ್ಲಿ ಕುಂಡಕ್ಕೆ 'ಗಮ್ಲಾ' ಎನ್ನುತ್ತೇವೆ. ಅದು ಪೋರ್ಚುಗೀಸ್ ಪದ, ಮೆಣಸಿನಕಾಯಿಯ ಹಡಗಿನಲ್ಲೇ ಬಂದಿರಬೇಕು. ಮಣ್ಣಿನ ಪಾತ್ರೆ ಮಾತ್ರ ನಮ್ಮದೇ. ಟಿ. ನರಸೀಪುರದಲ್ಲಿ 1959ರಿಂದ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಸಮಾಧಿ ಸಿಕ್ಕಿತು. ಸತ್ತವರ ಜೊತೆ ಮೂತಿಯಿರುವ ಮಡಕೆಗಳನ್ನು ಇಟ್ಟಿದ್ದರು. ಆ ಕಾಲದ ದಕ್ಷಿಣದ ಜನ ಹುರುಳಿ, ಹೆಸರು ಬೆಳೆಯುತ್ತಿದ್ದರು.

ಡಬ್ಬದಲ್ಲಿ ಬೆಳೆಯುವುದು ಪಾತಿಗಿಂತ ಕಷ್ಟ. ಅಮ್ಮಿ ಕಲಿತದ್ದೆಲ್ಲ ಗಿಡ ಕೊಂದು ಕಲಿತದ್ದು. ಮೊದಲ ವರ್ಷ ತಳಕ್ಕೆ ತೂತು ಮಾಡಿರಲಿಲ್ಲ, ಪುದಿನ ಕೊಳೆಯಿತು. ಆಮೇಲೆ ಮೊಳೆಯಿಂದ ನಾಲ್ಕೈದು ತೂತು, ಅದರ ಮೇಲೆ ಹೆಂಚಿನ ಚೂರು. ಬರಿ ಕೆಂಪು ಮಣ್ಣು ಹಾಕಿದ್ದಕ್ಕೆ ಇಟ್ಟಿಗೆಯಾಯಿತು. ಆಮೇಲೆ ಮಣ್ಣು, ಕೊಳೆತ ಗೊಬ್ಬರ, ಮರಳು ಮೂರನ್ನೂ ಸಮಸಮ ಬೆರೆಸಿದಳು. ನಾನು ಈಗ ಮಹಡಿಯ ಮೇಲೆ ಭಾರವಾಗದಿರಲಿ ಎಂದು ಮರಳಿನ ಬದಲು ತೆಂಗಿನ ನಾರಿನ ಪುಡಿ ಹಾಕುತ್ತೇನೆ. ಮೆಂತ್ಯ, ಕೊತ್ತಂಬರಿಗೆ ಆರು ಅಂಗುಲ ಮಣ್ಣು ಸಾಕು. ಕೊತ್ತಂಬರಿ ಕಾಳನ್ನು ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಬದನೆ, ಟೊಮೆಟೊ, ಮೆಣಸಿಗೆ ಒಂದು ಅಡಿ ಆಳ ಬೇಕು, ಬಕೆಟ್ಟಿಗೆ ಒಂದೇ ಗಿಡ. ಅರ್ಧ ದಿನವಾದರೂ ಬಿಸಿಲು ಬೀಳದ ಕಡೆ ಕಾಯಿಯ ಆಸೆ ಬಿಟ್ಟು ಸೊಪ್ಪು ಹಾಕುವುದು ಮೇಲು. ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಎರಡು ಸಲ ನೀರು. ನೆಲದಲ್ಲಿರುವ ಗಿಡ ಬೇರು ಇಳಿಸಿ ನೀರು ಹುಡುಕಿಕೊಳ್ಳುತ್ತದೆ, ಬಕೆಟ್ಟಿನದು ನಮ್ಮ ಮುಖ ನೋಡುತ್ತದೆ. ನನ್ನ ಮಹಡಿಯ ಮೇಲೆ ಹದಿನೆಂಟು ಬಣ್ಣದ ಬಕೆಟ್ಟುಗಳಿವೆ. ಮಣ್ಣನ್ನು ಚೀಲಕ್ಕೆ ದುಡ್ಡು ಕೊಟ್ಟು ತಂದಿದ್ದೇನೆ. ನಾನಿ ಕೇಳಿದ್ದರೆ ಹುಚ್ಚಿ ಎನ್ನುತ್ತಿದ್ದಳು.

ಬೀಜವನ್ನೂ ದುಡ್ಡಿಗೇ ತರಬೇಕು. 1973ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ 'ಕರ್ನಾಟಕ' ಎಂಬ ಹೆಸರಿನ ಹೈಬ್ರಿಡ್ ಟೊಮೆಟೊ ತಂದಿತು. ಇಳುವರಿ ಹೆಚ್ಚಿತು, ಸಂತೆಯಲ್ಲಿ ಟೊಮೆಟೊ ಬಡವರ ಕೈಗೂ ಎಟುಕಿತು. ಅದು ಒಳ್ಳೆಯದೇ. ಆದರೆ ಹೈಬ್ರಿಡ್ ಹಣ್ಣಿನ ಬೀಜ ತೆಗೆದು ಬಿತ್ತಿದರೆ ತಾಯಿಯ ಗುಣ ನಿಲ್ಲುವುದಿಲ್ಲ. ಪ್ರತಿ ಸಲವೂ ಅಂಗಡಿಗೆ ಹೋಗಬೇಕು. ಗೋಡೆಯ ಮೇಲೆ ತಟ್ಟುವ ಬೀಜವೇ ಇಲ್ಲದ ಮೇಲೆ ಮೋಟುಗೋಡೆಯ ಮಾತೂ ಕಡಿಮೆಯಾಯಿತು. ನಮ್ಮ ರಸಬಾಳೆಯ ಗತಿ ನೋಡಿ. ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು, ಆದರೆ ಪನಾಮಾ ಸೊರಗು ರೋಗಕ್ಕೆ ತೋಟಗಳೇ ಹೋದವು. ಹೆಸರು ದಾಖಲೆಯಲ್ಲಿ ಭದ್ರ, ಗಿಡ ನೆಲದಲ್ಲಿ ಅಪರೂಪ. ಹಿತ್ತಲ ಬೀಜಗಳಿಗೆ ಆ ಹೆಸರೂ ಇಲ್ಲ.

2020ರ ಮಾರ್ಚ್ ಕೊನೆಗೆ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೋನಾ ಕಾಣಿಸಿಕೊಂಡು ಇಡೀ ಊರಿಗೆ ಬೀಗ ಬಿತ್ತು. ದೇಶದ ಹಲವು ಕಡೆ ಮುಸಲ್ಮಾನ ತರಕಾರಿ ಗಾಡಿಗಳನ್ನು ಬೀದಿಗೆ ಬಿಡದ ದಿನಗಳವು. ನಮ್ಮ ಬೀದಿಗೆ ಯಾವ ಗಾಡಿಯೂ ಬರಲಿಲ್ಲ. ನನ್ನ ಬಕೆಟ್ಟುಗಳಲ್ಲಿ ಮೆಂತ್ಯ, ಪುದಿನ ತುಂಬಿತ್ತು. ಕಂತೆ ಕಟ್ಟಿ, ಮಹಡಿಯಿಂದ ಹಗ್ಗದಲ್ಲಿ ಅಕ್ಕಪಕ್ಕದ ಮನೆಗಳಿಗೆ ಇಳಿಸಿದೆ. ಎರಡು ಮನೆಯವರು ತೆಗೆದುಕೊಂಡರು. ಒಂದು ಮನೆಯವರು ಬುಟ್ಟಿ ಮುಟ್ಟದೆ, "ಬೇಡಿ, ಮನೇಲಿದೆ" ಎಂದರು. ಇತ್ತೋ ಇಲ್ಲವೋ, ನಾನು ಕೇಳಲಿಲ್ಲ. ಹೆಣಗಾಡುತ್ತಿದ್ದ ಆ ದಿನಗಳಲ್ಲಿ ಯಾರಿಗೆ ಯಾವ ಭಯವಿತ್ತೋ ಎಂದು ಈಗಲೂ ಅವರ ಪರವಾಗಿ ನನ್ನೊಳಗೆ ವಾದಿಸುತ್ತೇನೆ. ಪೂರ್ತಿ ಗೆದ್ದಿಲ್ಲ.

ಟಿ. ನರಸೀಪುರದ ಹಿತ್ತಲಿನಲ್ಲಿ ಈಗ ಮಾವಂದಿರ ಎರಡು ಕೋಣೆಗಳು. ಪಕ್ಕದವರೂ ಮೋಟುಗೋಡೆ ಕೆಡವಿ ಆಳೆತ್ತರದ ಕಾಂಪೌಂಡ್ ಹಾಕಿ ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ. ಕಳ್ಳರ ಕಾಟ ಎಂದರು, ಇರಬಹುದು. ಪಾಲಿನ ದಿನ ಹಳೆಯ ಪೆಟ್ಟಿಗೆಯಲ್ಲಿ ಒಂದು ಬೆಂಕಿಪೊಟ್ಟಣ ಸಿಕ್ಕಿತು. ಒಳಗೆ ಸಗಣಿಯ ಪುಡಿ ಅಂಟಿದ ಹನ್ನೊಂದು ಸಿಹಿಗುಂಬಳದ ಬೀಜ. ಯಾರೂ ಬೇಡವೆಂದರು, ನಾನು ತಂದೆ. ಕಳೆದ ಮುಂಗಾರಿನಲ್ಲಿ ರಾತ್ರಿ ನೆನೆಸಿಟ್ಟು ಬಿತ್ತಿದರೆ ಮೂರು ಮೊಳೆತವು. ಬಕೆಟ್ಟಿನಲ್ಲಿ ಕುಂಬಳ ಬೆಳೆಯುವುದಿಲ್ಲ, ಹಬ್ಬಲು ಜಾಗ ಬೇಕು. ಒಂದನ್ನು ಮಹಡಿಯ ಅಂಚಿಗೆ ಸರಿಸಿದೆ. ಬಳ್ಳಿ ಪಕ್ಕದ ಮನೆಯ ಶೀಟಿನ ಮೇಲಿಳಿದು ಅಲ್ಲೇ ಎರಡು ಕಾಯಿ ಕಚ್ಚಿದೆ. ಬೀಜಕ್ಕೆ ಬೇಕು, ತೊಟ್ಟು ಒಣಗುವವರೆಗೆ ಕೀಳಬೇಡಿ ಎಂದು ಆ ಮನೆಯ ಹುಡುಗನ ಕೈಲಿ ಹೇಳಿಕಳಿಸಿದ್ದೇನೆ.